ಕಿತ್ತಳೆ ಬಟ್ಟೆ

ಮಿತ್ರದೇಶದ ಸೈನ್ಯಕ್ಕೆ ಅಂತರ್ಯುದ್ಧ ಗೆಲ್ಲಿಸಿಕೊಡಲು ಬಂದಿದ್ದ ವಿದೇಶಿ ಸಲಹೆಗಾರನಿಗೆ ತನ್ನ ಉಪಾಯದ ಮೇಲೆ ಬಲು ಹೆಮ್ಮೆ. ಕಣಿವೆಯಲ್ಲಿ ತಮ್ಮ ಕಡೆಯ ಪ್ರತಿ ಊರಿಗೂ ಪ್ರತಿ ಶಿಬಿರಕ್ಕೂ ಒಂದೊಂದು ಕಿತ್ತಳೆ ಬಟ್ಟೆ ಕೊಟ್ಟಿದ್ದ. ಸೂರಿನ ಮೇಲೆ ಬಟ್ಟೆ ಕಂಡರೆ ವಿಮಾನಗಳು ಮುಂದೆ ಹೋಗಬೇಕು, ಕಾಣದಿದ್ದರೆ ಬಾಂಬು ಹಾಕಬೇಕು.

ಬೆಳಿಗ್ಗೆ ಶಿಬಿರದಲ್ಲಿ ಅವನಿಗೆ ಚಹಾ ತಂದಿಟ್ಟ ಕ್ಯಾಪ್ಟನ್ ಇನ್ನೊಮ್ಮೆ ಕೇಳಿಕೊಂಡ.

"ಹೊಳೆಯಾಚೆ ಊರಲ್ಲಿ ಇರೋರೆಲ್ಲ ಮುದುಕರು, ಮಕ್ಕಳು ಸರ್. ನಮ್ಮಮ್ಮನೂ ಅಲ್ಲೇ ಇದಾಳೆ. ಅವರಿಗೂ ಒಂದು ಬಟ್ಟೆ ಕೊಡಿ."

"ಬಂಡುಕೋರರಿಗೆ ಅನ್ನ ಹಾಕೋ ಊರು ಅದು. ಪೈಲಟ್ ಕಣ್ಣಿಗೆ ನಿಮ್ಮಮ್ಮ ಕಾಣಲ್ಲ ಕ್ಯಾಪ್ಟನ್, ಬಟ್ಟೆ ಮಾತ್ರ ಕಾಣುತ್ತೆ."

"ಗೊತ್ತು ಸರ್."

ದೂರದಲ್ಲಿ ವಿಮಾನಗಳ ಸದ್ದು ಕೇಳಿಸಿತು. ಸಲಹೆಗಾರ ಲೋಟ ಹಿಡಿದುಕೊಂಡೇ ಬಾಗಿಲಿಗೆ ಬಂದು ದುರ್ಬೀನನ್ನು ಹೊಳೆಯಾಚೆಗೆ ತಿರುಗಿಸಿದ. ಅಲ್ಲಿಯ ಶಾಲೆಯ ಸೂರಿನ ಮೇಲೆ ಕಿತ್ತಳೆ ಬಣ್ಣ ಬಿಸಿಲಿಗೆ ಹೊಳೆಯುತ್ತಿತ್ತು.

"ಅವರಿಗೆ ಬಟ್ಟೆ ಕೊಟ್ಟೋರು ಯಾರು?"

ಈವರೆಗೆ ಅವನೆದುರು ಒಮ್ಮೆಯೂ ಕೂರದಿದ್ದ ಕ್ಯಾಪ್ಟನ್ ಕುರ್ಚಿ ಎಳೆದುಕೊಂಡು ಕೂತ.

"ಚಹಾ ಕುಡೀರಿ ಸರ್, ಆರಿ ಹೋಗುತ್ತೆ. ನಮ್ಮ ಶಿಬಿರಕ್ಕೆ ಅಂತ ನೀವು ಕೊಟ್ಟಿದ್ದು ಒಂದೇ ಅಲ್ವಾ?"