ಮುಗ್ಗಲು ಬೂಸ

ಹಸುಗಳ ಕೊರಳಿಗೆ ಮಾತಿನ ಪಟ್ಟಿ ಬಂದು ಹತ್ತು ವರ್ಷವಾಗಿತ್ತು. ಅವು ಮಾತಾಡಿದರೆ ಯಾರೂ ತಿರುಗಿಯೂ ನೋಡುತ್ತಿರಲಿಲ್ಲ. ಅಂದು ಬೆಳಿಗ್ಗೆ ಪಾರ್ವತಕ್ಕ ಬೂಸ ಕಲಸಿ ಇಟ್ಟಾಗ ಅವಳ ಹಸು ಕೆಂದಿ ಮೆಲ್ಲಗೆ ಹೇಳಿತು: "ಅವ್ವಾ, ಇದು ಮುಗ್ಗಲು ನಾತ. ಇಲಿ ಹಿಕ್ಕೇನೂ ಅದೆ."

"ದಿನಾ ಒಂದು ನೆಪ ನಿಂದು. ಸುಮ್ನೆ ತಿನ್ನು, ಡೈರಿಗೆ ಹೊತ್ತಾಯ್ತು," ಎಂದು ಗದರಿದಳು ಪಾರ್ವತಕ್ಕ. ಬೂಸದ ಚೀಲ ಮಳೆಗೆ ನೆನೆದದ್ದು ಅವಳಿಗೆ ಗೊತ್ತಿತ್ತು. ಕೆಂದಿ ತಿಂದಿತು.

ಮೂರನೆಯ ದಿನ ಅದು ಜ್ವರ, ಭೇದಿಯಿಂದ ಏಳಲಾರದೆ ಮಲಗಿತು. ಬಂದ ಡಾಕ್ಟರು ಎಂದಿನಂತೆ ಮೊದಲು ರೋಗಿಯನ್ನೇ ಕೇಳಿದರು: "ಏನು ತಿಂದೆ ತಾಯಿ?"

ಕೆಂದಿ ಪಾರ್ವತಕ್ಕನ ಕಡೆ ನೋಡಿತು. "ಬೇಲಿ ಆಚೆ ಏನೋ ಸೊಪ್ಪು ಮೇಯ್ದೆ ಸ್ವಾಮಿ. ತಪ್ಪು ನಂದೇ."

ಡಾಕ್ಟರು ಸೊಪ್ಪಿನ ವಿಷಕ್ಕೆ ಔಷಧಿ ತೆಗೆದರು. ಪಾರ್ವತಕ್ಕ ಅಡ್ಡ ಬಂದು ಅವರ ಕೈ ತಡೆದಳು.

"ಅದು ಸುಳ್ಳು ಹೇಳ್ತದೆ ಸಾರ್. ಕೆಟ್ಟ ಬೂಸ ನಾನೇ ತಿನ್ನಿಸ್ದೆ. ಬ್ಯಾಡ ಅಂದ್ರೂ ಕೇಳ್ಲಿಲ್ಲ."

ಡಾಕ್ಟರು ಆ ಔಷಧಿ ಒಳಗಿಟ್ಟು ಬೇರೆ ಇಂಜೆಕ್ಷನ್ ಕೊಟ್ಟರು.

ವಾರದಲ್ಲಿ ಕೆಂದಿ ಎದ್ದು ನಿಂತಿತು. ಪಾರ್ವತಕ್ಕ ಹಳೆಯ ಚೀಲ ಸುಟ್ಟು, ಬಾನಿ ತಿಕ್ಕಿ ತೊಳೆದು, ಹೊಸ ಬೂಸ ಕಲಸಿ ತಂದಳು. ಕೆಂದಿ ಬಾಯಿ ಹಾಕಲಿಲ್ಲ.

"ಅವ್ವಾ, ಒಂದ್ಸಲ ಮೂಸಿ ನೋಡ್ಲಾ? ಬೈಯಲ್ವಲ್ಲಾ?"

ಪಾರ್ವತಕ್ಕ ಬಾನಿಯನ್ನು ಕೆಂದಿಯ ಮೂಗಿನ ಹತ್ತಿರ ಹಿಡಿದಳು. ತಲೆ ಎತ್ತಲು ಅವಳಿಂದ ಆಗಲಿಲ್ಲ.