ವನಜಾಳ ತಟ್ಟೆ

"ನನ್ನ ಉಸಿರಿರೋಗಂಟ ಈ ಮನೇಲಿ ನಿನ್ ತಟ್ಟೆಗೆ ಊಟ ಬೀಳ್ತದೆ, ಓಗು" ಎಂದು ನಾಗಲಕ್ಷ್ಮಮ್ಮ ಮಗಳಿಗೆ ಮಾತು ಕೊಟ್ಟು ಹನ್ನೆರಡು ವರ್ಷವಾಗಿತ್ತು. ಬಾಗಲಗುಂಟೆಯ ಮನೆಯ ಗೇಟಿನ ಹತ್ತಿರ, ಒಳಗಿದ್ದ ಗಂಡನಿಗೆ ಕೇಳಿಸದ ಹಾಗೆ, ಸೆರಗು ಬಾಯಿಗೊತ್ತಿಕೊಂಡು ಕೊಟ್ಟ ಮಾತು.

ಅವತ್ತು ವನಜಾ ಪ್ರಾರ್ಥನಾ ಸಭೆಯ ತೊಟ್ಟಿಯಲ್ಲಿ ಮುಳುಗಿ, ದೀಕ್ಷಾಸ್ನಾನ ಮುಗಿಸಿ, ಒದ್ದೆ ತಲೆಯಲ್ಲೇ ಬಂದಿದ್ದಳು. ಇಪ್ಪತ್ತೆರಡರ ಹುರುಪು. ಹಳೇ ವನಜಾ ಸತ್ತಳು, ಈಗಿರುವವಳು ಕೃಪಾ. ಮುಂದೆಂದೋ ಹೋಗುವ ಮಾತಲ್ಲ, ಈ ಗಳಿಗೆಯಿಂದಲೇ ತಾನು ಸ್ವರ್ಗಕ್ಕೆ ಸೇರಿದವಳು ಎಂದು ಅಪ್ಪನ ಮುಖಕ್ಕೇ ಹೇಳಿಬಿಟ್ಟಳು. ಹನುಮಂತರಾಯಪ್ಪ ಬೈಯಲಿಲ್ಲ, ಕೈಯೆತ್ತಲಿಲ್ಲ. "ಆಯ್ತು, ಅಂಗೇ ಆಗ್ಲಿ" ಎಂದು ಬಾಗಿಲು ಹಾಕಿಕೊಂಡ.

ಆ ನಂಬಿಕೆ ಅವಳ ಕೈಬಿಡಲಿಲ್ಲ. ಆನೇಕಲ್ ಕಡೆ ಬಾಡಿಗೆ ಮನೆ ಐದು ಸಲ ಬದಲಾಯಿಸಿದರೂ, ಯಾರೂ ಖಾಲಿ ಮಾಡಿಸಲಾಗದ ಮನೆಯೊಂದು ತನಗಿದೆ ಎಂಬ ಧೈರ್ಯ ಅವಳಿಗಿತ್ತು. ಆದರೂ ಉಣ್ಣಲು ಕೂತಾಗಲೆಲ್ಲ, ಅಮ್ಮ ಹೆಸರು ಕೊರೆಸಿಟ್ಟಿದ್ದ ಸ್ಟೀಲ್ ತಟ್ಟೆ ಕಣ್ಣ ಮುಂದೆ ಬರುತ್ತಿತ್ತು. ಅದಿನ್ನೂ ಅಲ್ಲಿದೆಯೋ, ಪಾತ್ರೆಯವನ ಮೂಟೆ ಸೇರಿತೋ?

ಹನ್ನೆರಡು ವರ್ಷದ ಮೇಲೆ ಒಂದು ಬೆಳಿಗ್ಗೆ ತಮ್ಮ ನಂದೀಶ್ ಆಸ್ಪತ್ರೆಯಿಂದ ಫೋನ್ ಮಾಡಿದ. ಅಪ್ಪನನ್ನು ಅಡ್ಮಿಟ್ ಮಾಡಿದೆ, ಮನೆಯಲ್ಲಿ ಅಮ್ಮ ಒಬ್ಬಳೇ, ಹೋಗಿ ನೋಡಿಕೊಂಡು ಬಾ ಅಂದ. ಅಂದು ಮಹಾಲಯ ಅಮಾವಾಸ್ಯೆ ಎಂಬುದು ಅವಳ ನೆನಪಿನಲ್ಲಿರಲಿಲ್ಲ.

ತೆರೆದ ಬಾಗಿಲಿನಿಂದ ಧೂಪದ ಹೊಗೆ ಬರುತ್ತಿತ್ತು. ಗೋಡೆಗೆ ಒರಗಿಸಿ ಸತ್ತವರ ಫೋಟೋಗಳನ್ನು ಸಾಲಾಗಿ ಇಟ್ಟಿದ್ದರು. ಅಜ್ಜ, ಅಜ್ಜಿ, ಕೆರೆಗೆ ಬಿದ್ದು ಹೋದ ಚಿಕ್ಕಪ್ಪ. ಒಬ್ಬೊಬ್ಬರ ಮುಂದೂ ಬಾಳೆಲೆ, ಎಡೆ. ಸಾಲಿನ ಕೊನೆಯಲ್ಲಿ ಎರಡು ಜಡೆಯ ಹುಡುಗಿ, ಎಸ್ಸೆಸ್ಸೆಲ್ಸಿ ಫೋಟೋ ದೊಡ್ಡದು ಮಾಡಿಸಿದ್ದು. ಗಾಜಿನ ಮೇಲೆ ಕುಂಕುಮ, ಸುತ್ತ ಸೇವಂತಿಗೆ ಹಾರ.

ತನ್ನ ಮುಖ ಗುರುತಿಸಲು ಅವಳಿಗೆ ಒಂದು ನಿಮಿಷ ಬೇಕಾಯಿತು. ಹೊಸ್ತಿಲ ಮೇಲೇ ಕೂತಳು.

"ಬದುಕಿರೋಳಿಗೆ ಎಡೆ ಇಟ್ಟಿದ್ದೀಯೇನಮ್ಮ?"

ನಾಗಲಕ್ಷ್ಮಮ್ಮ ತಿರುಗಿದಳು. ಕೈಯಲ್ಲಿದ್ದ ಸೌಟನ್ನು ಸಾರಿನ ಪಾತ್ರೆಗೆ ಇಟ್ಟಳು.

"ಮನೆ ಬಿಟ್ಟೋದೋಳ್ಗೆ ಒಂದು ತುತ್ತೂ ಇಕ್ಕಬ್ಯಾಡ ಅಂದ್ರು ಕಣವ್ವ ನಿಮ್ಮಪ್ಪ. ಸತ್ತೋರ್ಗೆ ಇಕ್ಕಬ್ಯಾಡ ಅನ್ನಕ್ಕಾಯ್ತದಾ? ನೀನೇ ಯೋಳಿದ್ಯಲ್ಲ, ಸತ್ತೆ, ಮ್ಯಾಲಿನೋಳಾದೆ ಅಂತ. ಅವರು ನಿನ್ ತಿಥಿ ಮಾಡ್ತೀನಂದಾಗ ಅದ್ಕೇ ನಾನೂ ಊ ಅಂದೆ."

ಹಾರ ಹಾಕಿದ ಫೋಟೋದ ಮುಂದೆ ಬಾಳೆಲೆ ಇರಲಿಲ್ಲ. ಸ್ಟೀಲ್ ತಟ್ಟೆ ಇತ್ತು. ವರ್ಷಕ್ಕೊಮ್ಮೆ ಮಾತ್ರ ಬಳಸಿದ್ದರಿಂದ ಅಂಚಿನ ಮೇಲಿನ ಹೆಸರು ಸ್ವಲ್ಪವೂ ಸವೆದಿರಲಿಲ್ಲ. ಮುದ್ದೆಯಿಂದ ಇನ್ನೂ ಹಬೆ ಏಳುತ್ತಿತ್ತು.

ನಾಗಲಕ್ಷ್ಮಮ್ಮ ಕೊಟ್ಟ ಮಾತಿಗೆ ತಪ್ಪಿರಲಿಲ್ಲ.