ಮಾಯವಾದ ಫ್ಯೂಸು

ದಿನಾ ಸಂಜೆ ಗಂಡ ಹೈವೇ ಬಾರಿಗೆ ಹೊರಡುವ ಬೈಕು ಇವತ್ತು ಜಪ್ಪಯ್ಯ ಅಂದರೂ ಸ್ಟಾರ್ಟ್ ಆಗಲಿಲ್ಲ. ಹಾರ್ನು ಒತ್ತಿದ, ಸದ್ದಿಲ್ಲ. ಸೀಟು ಬಿಚ್ಚಿ ನೋಡಿದರೆ ಬ್ಯಾಟರಿ ಪಕ್ಕದ ಫ್ಯೂಸೇ ಮಾಯ.

"ಎಲ್ಲಿ ಬಚ್ಚಿಟ್ಟಿದ್ದೀಯೇ?" ಎಂದು ಹೆಂಡತಿಯ ಮೇಲೆ ಎಗರಿದ.

"ದೇವರಾಣೆ ನಾನು ಮುಟ್ಟಿಲ್ಲ."

"ಬೊಗಳ್ತಾಳೆ!" ಮೊದಲಿಂದಲೂ ಸೊಸೆಯನ್ನು ಕಂಡರಾಗದ ಅತ್ತೆ ಜಗಲಿಯಿಂದಲೇ ಅರಚಿದಳು. "ಇವಳಲ್ದೆ ಇನ್ಯಾರು? ಇವಳು ಕಾಲಿಟ್ಟ ದಿನವೇ ಈ ಮನೆ ಹಾಳಾಯ್ತು."

"ಹೊಸ ಫ್ಯೂಸು ತಂದು ಹಾಕಿ, ಆಮೇಲೆ ಮಾಡ್ತೀನಿ ನಿನಗೆ" ಎಂದು ಅವನು ಮೆಕ್ಯಾನಿಕ್ ಅಂಗಡಿಗೆ ಓಡಿದ.

ಅವಳು ಕಣ್ಣೊರೆಸಿಕೊಳ್ಳುತ್ತ ನಿಂತಳು. ಅವನು ತಿರುವು ದಾಟಿದ್ದೇ ತಡ, ಅತ್ತೆ ಇಳಿದು ಬಂದು, ಸೆರಗಿನ ಗಂಟು ಬಿಚ್ಚಿ, ಫ್ಯೂಸನ್ನು ಸೊಸೆಯ ಅಂಗೈಗೆ ಹಾಕಿದಳು.

"ನಿಂತ್ಕೊಂಡು ಅಳ್ತೀಯಲ್ಲೇ, ಪೆದ್ದಿ! ಸ್ಪ್ಯಾನರು ನನ್ನ ದಿಂಬಿನ ಕೆಳಗಿದೆ. ಅವನು ಬರೋಷ್ಟರಲ್ಲಿ ಬೈಕಿನ ಸ್ಪಾರ್ಕ್ ಪ್ಲಗ್ಗೂ ಬಿಚ್ಚು."